ಕರೆಂಟ್ ಹೋದ ರಾತ್ರಿ, ಮನೆಯೊಳಗೆ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಳಿಯ ದಿನಗಳಲ್ಲಿ ಕರೆಂಟ್ ಹೋದರೆ ಮನೆಯಲ್ಲಿ ಹೇಗೆ ನಿಭಾಯಿಸಬೇಕು ಎಂಬ ಬಗ್ಗೆ ಮಾತಾಡಿ ಎಂದು ನಿಮ್ಮ ಸಂಘದವರು ಕೇಳಿಕೊಂಡಾಗ ನನಗೆ ಸ್ವಲ್ಪ ಆಶ್ಚರ್ಯವಾಯಿತು. ವರದಕ್ಷಿಣೆ, ಹೊಡೆತ, ಠಾಣೆ, ಕೋರ್ಟು ಎಂದು ಮಾತಾಡಿಕೊಂಡು ಬಂದವಳು ನಾನು. ಇದಕ್ಕೆ ಲೈನ್‌ಮನ್ನರನ್ನೇ ಕರೆಸಬಹುದಿತ್ತಲ್ಲ ಎನಿಸಿತು. ಆದರೆ ಎರಡು ದಿನ ಈ ವಿಷಯವನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಹೆಣ್ಣುಮಕ್ಕಳ ಕಥೆಗಳಲ್ಲಿ "ಆವಾಗ ಕರೆಂಟ್ ಇರಲಿಲ್ರೀ" ಎಂಬ ಮಾತು ಎಷ್ಟು ಸಲ ಬಂದಿದೆ! ಹೊಡೆದವನೂ ಆ ಮಾತು ಹೇಳುತ್ತಾನೆ, ಹೊಡೆತ ತಿಂದವಳೂ ಹೇಳುತ್ತಾಳೆ. ಅವನಿಗೆ ಅದು ನೆಪ. ಅವಳಿಗೆ ಅದು ಯಾರೂ ಬರಲಿಲ್ಲ ಎಂಬುದಕ್ಕೆ ಕಾರಣ.

ಬಿರುಗಾಳಿ, ಚಂಡಮಾರುತ ಎಂದರೆ ಸಮುದ್ರದ ದಂಡೆಯವರ ಸಂಕಟ ಎಂದೇ ನಾವು ತಿಳಿದಿದ್ದೆವು. ನಮ್ಮದು ಬಿಸಿಲಿನ ನಾಡು, ಬರಗಾಲದ ನಾಡು. 2020ರ ಅಕ್ಟೋಬರ್ ತಿಂಗಳು ಆ ತಿಳಿವಳಿಕೆಯನ್ನು ಅಳಿಸಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವು 13ನೇ ತಾರೀಖು ಆಂಧ್ರದ ಕಾಕಿನಾಡದ ಹತ್ತಿರ ದಂಡೆ ದಾಟಿ, ತೆಲಂಗಾಣದ ಮೇಲಿಂದ ನಮ್ಮ ಕಡೆಗೆ ಬಂದು, ಮಹಾರಾಷ್ಟ್ರದತ್ತ ಹೋಯಿತು. ಇಲ್ಲಿ ಸುರಿದದ್ದು ಸಾಲದು ಎಂಬಂತೆ ಮಹಾರಾಷ್ಟ್ರದ ಉಜನಿ, ವೀರ್ ಅಣೆಕಟ್ಟುಗಳಿಂದ ಬಿಟ್ಟ ನೀರು ಭೀಮೆಗೆ ಬಂತು. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಕೆಳಗೆ ಹರಿಯಿತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರಿನವರು ಕಾಳಜಿ ಕೇಂದ್ರ ಸೇರಿದರು. ಆಳಂದದ ತಂಗಿಯರು ಭೀಮೆ ನಮ್ಮಿಂದ ದೂರ ಎನ್ನಬಹುದು. ನಿಮ್ಮ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ ಗಾಣಗಾಪುರದಲ್ಲಿ ಅದೇ ಭೀಮೆಯನ್ನು ಸೇರುತ್ತದೆ. ನೀರು ಮನೆಗೆ ಬರದಿದ್ದರೂ ಕಂಬ ಉರುಳುವುದು, ತಂತಿ ಹರಿಯುವುದು ಎಲ್ಲ ಕಡೆಯೂ ಒಂದೇ. 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಮತ್ತೆ ಏರಿದ್ದನ್ನು ನೀವೇ ಕಂಡಿದ್ದೀರಿ. ಇನ್ನು ಮುಂದೆಯೂ ಇದು ಬರುತ್ತದೆಂದು ತಿಳಿದೇ ನಾವು ನಡೆಯಬೇಕು.

ನೆರೆಯ ಹೊತ್ತಿನಲ್ಲಿ ಕರೆಂಟ್ ತಾನಾಗಿ ಹೋಗುವುದಷ್ಟೇ ಅಲ್ಲ, ತೆಗೆಯಲೂ ಬೇಕಾಗುತ್ತದೆ. ನದಿಯ ದಂಡೆಯಲ್ಲಿ ಪಂಪ್‌ಸೆಟ್ಟಿಗೆ ಹಾಕಿದ ಟಿ.ಸಿ.ಗಳು ನೀರಿನಲ್ಲಿ ನಿಂತಿರುವಾಗ ಲೈನು ಚಾಲೂ ಇಟ್ಟರೆ ಜನ, ದನ ಎರಡೂ ಸಾಯುತ್ತವೆ. ಆದ್ದರಿಂದ ಜೆಸ್ಕಾಂನವರು ಲೈನು ಬಂದ್ ಮಾಡಿದ್ದಾರೆಂದು ಸಿಟ್ಟಾಗಬೇಡಿ. ಯಾವಾಗ ಬರುತ್ತದೆ ಎಂದು ಕೇಳುವ ಹಕ್ಕು ಮಾತ್ರ ನಿಮಗಿದೆ. 1912ಕ್ಕೆ ಫೋನ್ ಮಾಡಿ, ಬಿಲ್ಲಿನ ಮೇಲಿರುವ ಆರ್.ಆರ್. ನಂಬರು ಹೇಳಿ, ದೂರಿನ ನಂಬರು ಬರೆದುಕೊಳ್ಳಿ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬಂದರೂ ಆ ಕಾಗದ ಎಸೆಯಬೇಡಿ.

ಈಗ ಮನೆಯೊಳಗಿನ ಮಾತು. ಕರೆಂಟ್ ಹೋದಾಗ ಗಂಡಸಿಗೆ ಟಿ.ವಿ. ನಿಲ್ಲುತ್ತದೆ, ಫ್ಯಾನು ನಿಲ್ಲುತ್ತದೆ. ಹೆಂಗಸಿಗೆ ಗಿರಣಿ ನಿಲ್ಲುತ್ತದೆ, ನಳ ನಿಲ್ಲುತ್ತದೆ. ಬೋರ್‌ವೆಲ್ಲಿನ ಮೋಟರ್ ನಡೆಯದಿದ್ದರೆ ಟ್ಯಾಂಕ್ ತುಂಬುವುದಿಲ್ಲ. ಟ್ಯಾಂಕ್ ತುಂಬದಿದ್ದರೆ ಕೊಡ ಹಿಡಿದು ಕೆಸರಿನಲ್ಲಿ ಹೋಗುವವಳು ಮನೆಯ ಸೊಸೆ. ಕತ್ತಲಲ್ಲಿ ಬಯಲಿಗೆ ಹೋಗಬೇಕಾದ ಹೆಣ್ಣುಮಕ್ಕಳ ಕಷ್ಟ ಬೇರೆ. ಇಷ್ಟಾದ ಮೇಲೂ ರೊಟ್ಟಿ ಹೊತ್ತಿಗೆ ಸರಿಯಾಗಿ ತಾಟಿಗೆ ಬೀಳಬೇಕು. "ಹಿಟ್ಟ ಖಾಲಿ ಆಗ್ಯಾದ, ಗಿರಣಿ ಬಂದ್ ಅದ" ಎಂದರೆ "ಮೊದಲೇ ಬೀಸಿಸಿ ಇಟ್ಕೊಳ್ಳಾಕ ಏನಾಗಿತ್ತು?" ಎಂಬ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದೇ ಇಲ್ಲಿಂದ. ಸಣ್ಣ ಕಾರಣ ಎನ್ನುತ್ತೇವೆ. ಹೊಡೆಯುವವನಿಗೆ ಕಾರಣ ಯಾವತ್ತೂ ಸಣ್ಣದೇ ಸಾಕು.

ನಮ್ಮ ಸೀಮೆಯ ಹೆಂಗಸರಿಗೆ ಕೂಡಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದರೆ ಎಂಟು ದಿನ ಒಲೆಯ ಹಂಗಿಲ್ಲ. ಮಳೆಯ ಸುದ್ದಿ ಬಂದಕೂಡಲೇ ಒಂದು ವಾರದ ಜೋಳ ಬೀಸಿಸಿ, ಕುಡಿಯುವ ನೀರು ತುಂಬಿ ಮುಚ್ಚಿಡಿ. ನೆರೆಯ ನೀರು ಸೇರಿದ ಬಾವಿ, ಬೋರ್‌ಗಳ ನೀರನ್ನು ಕುದಿಸದೆ ಕುಡಿಯಬೇಡಿ. ಈ ಕೆಲಸವನ್ನು ಗಂಡುಮಕ್ಕಳಿಗೂ ಹೇಳಿ. ಜೋಳದ ಚೀಲ ಗಿರಣಿಗೆ ಹೊತ್ತುಕೊಂಡು ಹೋದರೆ ಯಾರ ಮೀಸೆಯೂ ಉದುರುವುದಿಲ್ಲ.

ವಿದ್ಯುತ್ತಿನ ಬಗ್ಗೆ ಕೆಲವು ಮಾತುಗಳನ್ನು ಖಂಡಿತವಾಗಿ ನೆನಪಿಡಬೇಕು. ತಗಡಿನ ಮನೆಗಳಲ್ಲಿ ಸರ್ವಿಸ್ ವೈರ್ ತಗಡಿಗೆ ತಿಕ್ಕಿ ಅದರ ಮೇಲಿನ ರಬ್ಬರು ಹರಿದಿರುತ್ತದೆ; ಮಳೆಯಲ್ಲಿ ಇಡೀ ತಗಡಿಗೇ ಕರೆಂಟ್ ಬರುತ್ತದೆ. ಆ ತಗಡಿಗೆ ಕಟ್ಟಿದ ಕಬ್ಬಿಣದ ತಂತಿಯ ಮೇಲೆ ಹಸಿ ಸೀರೆ ಒಣಹಾಕಲು ಹೋದವಳು ಅಲ್ಲೇ ಸಾಯುತ್ತಾಳೆ. ಬಟ್ಟೆಗೆ ತಂತಿ ಬೇಡ, ನೂಲಿನ ಇಲ್ಲವೆ ಪ್ಲಾಸ್ಟಿಕ್ಕಿನ ಹಗ್ಗ ಕಟ್ಟಿ. ಮನೆಯೊಳಗೆ ನೀರು ಬರುವ ಮೊದಲೇ ಮೇನ್ ಬಂದ್ ಮಾಡಿ. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ. ಹರಿದು ಬಿದ್ದ ತಂತಿಯಲ್ಲಿ ಕರೆಂಟ್ ಇಲ್ಲವೆಂದು ಯಾರು ಹೇಳಿದರೂ ನಂಬದೆ ದೂರ ನಿಲ್ಲಿ. ಯಾರಿಗಾದರೂ ಶಾಕ್ ಹೊಡೆದರೆ ಕೈಯಿಂದ ಎಳೆಯಬೇಡಿ. ಮೊದಲು ಮೇನ್ ತೆಗೆಯಿರಿ, ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ವೈರನ್ನು ದೂರ ತಳ್ಳಿ. ಓಣಿಯ ಮೇಲೆ ಹೋದ ದೊಡ್ಡ ಲೈನಿಗೆ ಆ ಕಟ್ಟಿಗೆಯೂ ಸಾಲದು. ಅಲ್ಲಿ ಫೋನೇ ಗತಿ.

ಬೆಳಕಿಗೆ ಏನು? ನಮ್ಮ ಕಾಲದಲ್ಲಿ ಕಂದೀಲು ಇತ್ತು, ಚಿಮಣಿ ಇತ್ತು. ಆ ಕಂದೀಲಿಗೆ ಇಂಗ್ಲಿಷಿನಲ್ಲಿ ಚಂಡಮಾರುತದ ಹೆಸರನ್ನೇ ಇಟ್ಟು ಹರಿಕೇನ್ ಲ್ಯಾಂಪ್ ಎನ್ನುತ್ತಾರೆ, ಗಾಳಿಗೆ ಆರುವುದಿಲ್ಲವೆಂದು. ಚಿಮಣಿ ಹಾಗಲ್ಲ, ಅದು ತೆರೆದ ಉರಿ. ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಈಗ ಮೇಣದಬತ್ತಿ ಬಂದಿದೆ, ಅದೂ ತೆರೆದ ಉರಿಯೇ. ನೈಲಾನ್ ಸೀರೆ, ನೈಟಿ ಉಟ್ಟವರು ಅದರ ಹತ್ತಿರ ಕೆಲಸ ಮಾಡುವುದು ಬೇಡ. ಸಂಘದ ಉಳಿತಾಯದಲ್ಲಿ ಒಂದು ಸೋಲಾರ್ ಲಾಂದ್ರ ಕೊಳ್ಳಿ, ಫೋನ್ ಚಾರ್ಜ್ ಮಾಡುವ ತೂತು ಇರುವಂಥದ್ದನ್ನೇ ನೋಡಿ ಕೊಳ್ಳಿ. ಬೆಂಕಿ ತಾಗಿದರೆ ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಬಿಡಿ. ಅರಿಶಿನ, ಶಾಯಿ, ಟೂತ್‌ಪೇಸ್ಟ್ ಏನೂ ಬೇಡ.

ಫೋನಿನ ವಿಷಯಕ್ಕೆ ಬಂದೆ. ಇದು ನನಗೆ ಅತ್ಯಂತ ಮುಖ್ಯ. 2020ರ ನೆರೆ ಇಳಿದ ಮೇಲೆ ಒಬ್ಬ ಹೆಣ್ಣುಮಗಳು ನನಗೆ ಫೋನ್ ಮಾಡಿದಳು. ಊರ ಹೆಸರು ಬೇಡ. ನಾಲ್ಕು ದಿನ ಅವರ ಓಣಿಯಲ್ಲಿ ಕರೆಂಟ್ ಇರಲಿಲ್ಲ. ಮೊದಲ ರಾತ್ರಿಯೇ ಗಂಡ ಹೊಡೆದಿದ್ದ, ಕೈ ಮುರಿದಿತ್ತು. ಅವಳ ಫೋನು ಆಗಲೇ ಸತ್ತಿತ್ತು. ಗಂಡನ ಫೋನಿನಲ್ಲಿ ಚಾರ್ಜ್ ಇತ್ತು, ಅದು ಅವನ ಕಿಸೆಯಲ್ಲಿತ್ತು. "ಲೈಟ್ ಬಂದ ಮ್ಯಾಲ ಹಚ್ಚೀನ್ರಿ ಅಕ್ಕೋರೆ. ನಾಕ ದಿನ ಯಾರಿಗಿ ಹೇಳ್ಲಿ?" ಎಂದಳು. ನಾವು ಊರೂರಿಗೆ ಹೋಗಿ 112, 181 ಎಂದು ಹೇಳಿಕೊಟ್ಟು ಬಂದಿದ್ದೆವು. ಗೋಡೆಗೆ ಅಂಟಿಸಿ ಬಂದಿದ್ದೆವು. ಫೋನಿಗೆ ಕರೆಂಟ್ ಬೇಕು ಎಂಬ ಮಾತು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಮನೆಯಲ್ಲಿ ಸಿಕ್ಕಿಬಿದ್ದ ಹೆಂಗಸರಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗ ವಾಟ್ಸಾಪ್ ನಂಬರು ತೆರೆದಿತ್ತು. ಒಳ್ಳೆಯದೇ. ಆದರೆ ಅದಕ್ಕೂ ಚಾರ್ಜ್ ಬೇಕಲ್ಲ.

ಆ ಹೆಣ್ಣುಮಗಳಿದ್ದ ಸಂಘದವರು ಆಮೇಲೆ ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ಸಂಘದ ದುಡ್ಡಿನಲ್ಲಿ ಒಂದು ಗುಂಡಿ ಒತ್ತುವ ಸಾದಾ ಫೋನ್ ತಂದರು. ದೊಡ್ಡ ಪರದೆಯ ಫೋನು ಒಂದೇ ದಿನಕ್ಕೆ ಸಾಯುತ್ತದೆ, ಇದು ಮೂರು ನಾಲ್ಕು ದಿನ ಬದುಕುತ್ತದೆ. ಅದು ಅಧ್ಯಕ್ಷೆಯ ಮನೆಯಲ್ಲಿರುತ್ತದೆ. ನಂಬರುಗಳನ್ನು ಫೋನಿನಲ್ಲಿ ಇಟ್ಟರೆ ಸಾಲದೆಂದು ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದರು: ಪೊಲೀಸರಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಇನ್ನೊಂದು ನಿರ್ಧಾರವೂ ಆಯಿತು. ಕತ್ತಲಲ್ಲಿ ಯಾರ ಮನೆಯಲ್ಲಾದರೂ ಪರಾತ ಬಡಿದ ಸಪ್ಪಳ ಕೇಳಿದರೆ ಕನಿಷ್ಠ ನಾಲ್ಕು ಮನೆಯ ಹೆಂಗಸರು ಬ್ಯಾಟರಿ ಹಿಡಿದು ಆ ಬಾಗಿಲಿಗೆ ಹೋಗಬೇಕು. ಒಳಗೆ ನುಗ್ಗಬೇಕಿಲ್ಲ, ಬೈಯಬೇಕಿಲ್ಲ. "ಏನಾತವ್ವಾ, ಕರೆಂಟ್ ಇಲ್ಲ, ಎಲ್ಲಾರೂ ಅರಾಮ ಅದೀರಿಲ್ಲೋ?" ಎಂದು ಕೇಳಿ ನಿಂತರೆ ಸಾಕು. ಮೊದಲ ಸಲ ಹೀಗೆ ಹೋದಾಗ ಅದು ಬೆಕ್ಕು ಬೀಳಿಸಿದ ಪರಾತವಂತೆ. ಹೋದವರೆಲ್ಲ ಚಹಾ ಕುಡಿದು ಬಂದರು. ಪರವಾಗಿಲ್ಲ. ಆ ಓಣಿಯ ಗಂಡಸರಿಗೆ ಹೆಂಗಸರು ಬರುತ್ತಾರೆ ಎಂಬುದು ಗೊತ್ತಾಯಿತು.

ಮೊಬೈಲ್ ಟವರುಗಳೂ ಕರೆಂಟಿನಿಂದಲೇ ನಡೆಯುವುದು; ಬ್ಯಾಟರಿ, ಡೀಸೆಲ್ ಇರುವಷ್ಟು ಹೊತ್ತು ಮಾತ್ರ ಉಸಿರು ಹಿಡಿದಿರುತ್ತವೆ. ಆದ್ದರಿಂದ ನಾಳೆ ನೋಡೋಣ ಎನ್ನದೆ, ಭಯ ಬಂದ ಮೊದಲ ಗಂಟೆಯಲ್ಲೇ ಫೋನ್ ಮಾಡಿ. ಕಾಳಜಿ ಕೇಂದ್ರಕ್ಕೆ ಹೋದರೆ ಅಲ್ಲಿನ ಅಧಿಕಾರಿಗಳಿಗೆ ಹೆಂಗಸರ ಕೋಣೆಗೆ, ಶೌಚಾಲಯದ ದಾರಿಗೆ ಮೊದಲು ದೀಪ ಕೊಡಿ ಎಂದು ಒಟ್ಟಾಗಿ ಕೇಳಿ.

ಇನ್ನೊಂದು ಬಗೆಯ ಕತ್ತಲೆ ಇದೆ, ಅದಕ್ಕೆ ಮಳೆಗಾಳಿ ಬೇಕಾಗಿಲ್ಲ. ಇಡೀ ಓಣಿಯಲ್ಲಿ ದೀಪ ಉರಿಯುತ್ತಿರುತ್ತದೆ, ಸೊಸೆಯ ಕೋಣೆಯಲ್ಲಿ ಮಾತ್ರ ಇರುವುದಿಲ್ಲ. ಫ್ಯೂಸ್ ಕಿತ್ತು ಮಾವನೋ ಮೈದುನನೋ ಕಿಸೆಯಲ್ಲಿಟ್ಟುಕೊಂಡಿರುತ್ತಾನೆ. ಹೇಳಿದ ಬಂಗಾರ ತರಲಿಲ್ಲ, ಅದಕ್ಕೆ ಈ ಶಿಕ್ಷೆ. ನೀರಿನ ಮೋಟರ್ ಚಾಲೂ ಮಾಡಲು ಬಿಡದೆ ಇರುವುದೂ ಇದೇ ಜಾತಿಯದು. ಇದನ್ನು ಮನೆಯ ಜಗಳ ಎಂದು ಬಿಡಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರ ದೌರ್ಜನ್ಯ ಎಂದಿಲ್ಲ. ಒಟ್ಟಿಗೆ ಬಾಳುವ ಮನೆಯಲ್ಲಿ ಹೆಣ್ಣಿಗೆ ಬಳಸುವ ಹಕ್ಕಿರುವ ಸೌಕರ್ಯಗಳನ್ನು ತಡೆಯುವುದೂ ಆರ್ಥಿಕ ದೌರ್ಜನ್ಯವೆಂದು ಅದರಲ್ಲಿ ಬರೆದಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೆ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತೋರಿಸುತ್ತಾರೆ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಇದನ್ನು ಇಷ್ಟು ಜನರ ಮುಂದೆ ನಾನು ಹಿಂದೆ ಹೇಳಿಲ್ಲ.

ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ, ಎಂಬತ್ತರ ದಶಕದ ಕೊನೆಗೆ, ಬಿ.ಎ. ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮೊದಲ ಬೆಂಚಿನಲ್ಲಿ ಕೂಡುತ್ತಿದ್ದಳು, ಬಹಳ ಪ್ರಶ್ನೆ ಕೇಳುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆಗೆ ಮೊದಲೇ ಮದುವೆ ಮಾಡಿದರು. ಪುಸ್ತಕ ಹಿಂತಿರುಗಿಸಲು ಬಂದಾಗ "ಪರೀಕ್ಷಾ ಬರೀತೀನ್ರಿ ಮೇಡಮ್, ಅವ್ರು ಒಪ್ಪ್ಯಾರ" ಎಂದಿದ್ದಳು. ಬರೆಯಲಿಲ್ಲ. ಒಂದು ವರ್ಷ ಕಳೆದು ಸ್ವಲ್ಪ ದಿನಕ್ಕೆ ಅವಳು ಸುಟ್ಟು ಸತ್ತಳು ಎಂಬ ಸುದ್ದಿ ಬಂತು. ಸಂಜೆ ಕರೆಂಟ್ ಹೋಗಿತ್ತಂತೆ, ಚಿಮಣಿ ಹಚ್ಚಲು ಹೋದಾಗ ಸೀರೆಗೆ ಬೆಂಕಿ ತಾಗಿತಂತೆ. ಆಗ ದಿನವೂ ಕರೆಂಟ್ ಹೋಗುತ್ತಿತ್ತು. ನಮ್ಮ ಮನೆಯಲ್ಲೂ ಚಿಮಣಿ ಇತ್ತು. ಸ್ಟಾಫ್ ರೂಮಿನಲ್ಲಿ ನಾವೆಲ್ಲ "ಅಯ್ಯೋ ಪಾಪ" ಎಂದೆವು. ನಾನು ನಂಬಿದೆ.

ಕೆಲವು ತಿಂಗಳಾದ ಮೇಲೆ ಆ ಓಣಿಯ ಒಬ್ಬ ತಾಯಿ ಮಗಳ ಅಡ್ಮಿಷನ್ನಿಗೆಂದು ಬಂದಿದ್ದರು. ಮಾತಿಗೆ ಮಾತು ಬಂದು ಹೇಳಿದರು: "ಆ ಹೊತ್ತಿಗೆ ನಾ ಜ್ವಾಳ ಬೀಸಸ್ಲಿಕ್ಕೆ ಗಿರಣ್ಯಾಗ ನಿಂತಿದ್ದೆ. ಗಿರಣಿ ಸಪ್ಪಳದಾಗ ಮೊದಲು ಏನೂ ಕೇಳಲಿಲ್ಲ. ಆಮ್ಯಾಲ ಚೀರೋದು ಕೇಳ್ತು." ಅವರು ಮುಂದೆ ಬೇರೆ ಮಾತಿಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಗಿರಣಿ ನಾನು ಕಂಡದ್ದೇ. ಡೀಸೆಲ್ ಗಿರಣಿಯಲ್ಲ, ಕರೆಂಟಿನದು. ಗಿರಣಿ ನಡೆದಿತ್ತು ಎಂದರೆ ಓಣಿಯಲ್ಲಿ ಕರೆಂಟ್ ಇತ್ತು. ಕರೆಂಟ್ ಇದ್ದ ಮೇಲೆ ಚಿಮಣಿ ಏಕೆ?

ಮಾರನೆಯ ವಾರ ಅವಳ ತವರಿಗೆ ಹೋದೆ. ತಂದೆ ತಲೆ ತಗ್ಗಿಸಿ ಕೂತಿದ್ದರು. ಹಿರಿಯರು ಸೇರಿ ರಾಜಿ ಮಾಡಿಸಿದ್ದರು, ಬಂಗಾರ ವಾಪಸು ಬಂದಿತ್ತು, ಇನ್ನೊಬ್ಬ ಮಗಳ ಮದುವೆ ಮುಂದಿತ್ತು. "ಹೋದಾಕಿ ಹೋದಳ್ರಿ" ಎಂದರು. ಆ ಹೊತ್ತಿಗೆ ವರದಕ್ಷಿಣೆ ಸಾವಿನ ಕಾನೂನು ಬಂದಾಗಿತ್ತು, 1986ರಲ್ಲೇ 304 ಬಿ ಸೇರಿಸಿದ್ದರು. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಏನು ಮಾಡಿದೆ? ಹೊಸ ನೌಕರಿ, ಪರಊರು, ಹೆದರಿ ಸುಮ್ಮನೆ ಬಸ್ ಹತ್ತಿ ಬಂದೆ. ಎಲ್ಲಿಯೂ ಬರೆದು ಕೊಡಲಿಲ್ಲ. ಆಮೇಲೆ ನಾನು ಮಹಿಳಾ ಸಂಘಟನೆಗೆ ಬಂದದ್ದಕ್ಕೆ ಆ ಬಸ್ಸೇ ಕಾರಣ.

ತಪ್ಪು ತಿಳಿಯಬೇಡಿ. ಸುಟ್ಟ ಗಾಯಗಳೆಲ್ಲ ಕೊಲೆಯಲ್ಲ. ಚಿಮಣಿ ಉರುಳಿ, ಮೇಣದಬತ್ತಿ ಬಿದ್ದು ನಿಜವಾಗಿಯೂ ಎಷ್ಟೋ ಜನ ಸತ್ತಿದ್ದಾರೆ. ಅವರ ಮನೆಯವರ ಮೇಲೆ ಸುಳ್ಳು ಹೊರಿಸಬಾರದು. ಅದಕ್ಕಾಗಿಯೇ ಕೇಳಬೇಕು ಎನ್ನುತ್ತೇನೆ. ಹಿಂದೆ ಸ್ಟೋವ್ ಸಿಡಿಯಿತು ಎನ್ನುತ್ತಿದ್ದರು. ಈಗ ಗ್ಯಾಸ್ ಲೀಕಾಯಿತು, ನೀರು ಕಾಯಿಸುವ ಕಾಯಿಲ್ ಶಾಕ್ ಹೊಡೆಯಿತು, ಕತ್ತಲಲ್ಲಿ ಕಾಲು ಜಾರಿ ಬಾವಿಗೆ ಬಿದ್ದಳು ಎನ್ನುತ್ತಾರೆ. ಕಾಯಿಲ್ ಶಾಕ್ ಹೊಡೆಯಬೇಕಾದರೆ ಕರೆಂಟ್ ಇರಬೇಕು. ಚಿಮಣಿ ಹಚ್ಚಬೇಕಾದರೆ ಕರೆಂಟ್ ಹೋಗಿರಬೇಕು. ಅದಿತ್ತೋ ಇಲ್ಲವೋ ಎಂಬುದು ಓಣಿಯ ಹೆಂಗಸರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಗಿರಣಿಯಲ್ಲಿ ನಿಂತವರು ನೀವು, ನಳದ ಮುಂದೆ ಸಾಲು ಹಚ್ಚಿದವರು ನೀವು, ಧಾರಾವಾಹಿ ಅರ್ಧಕ್ಕೆ ನಿಂತಿತೆಂದು ಬೈದುಕೊಂಡವರೂ ನೀವೇ.

ಇದಕ್ಕೆ ಕಾಗದದ ಸಾಕ್ಷಿಯೂ ಇರುತ್ತದೆ. ಪ್ರತಿ ಸಬ್‌ಸ್ಟೇಷನ್ನಿನಲ್ಲಿ ಯಾವ ಫೀಡರು ಎಷ್ಟು ಗಂಟೆಗೆ ಬಂದ್ ಆಯಿತು, ಎಷ್ಟಕ್ಕೆ ಚಾಲೂ ಆಯಿತು ಎಂದು ಬರೆದಿಡುತ್ತಾರೆ. ತನಿಖೆ ಮಾಡುವ ಪೊಲೀಸರು ಅದನ್ನು ತರಿಸಿಕೊಳ್ಳಬಹುದು. ನೀವೂ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಒಂದೇ ಓಣಿಯ ತಂತಿ ಹರಿದಿದ್ದರೆ ಮಾತ್ರ ಆ ಪುಸ್ತಕದಲ್ಲಿ ಬಂದಿರಲಿಕ್ಕಿಲ್ಲ. ಆಗ ಗಿರಣಿಯವನ ಮಾತು, ನೆರೆಯವರ ಮಾತು, 1912ಕ್ಕೆ ಯಾರಾದರೂ ಕೊಟ್ಟ ದೂರಿನ ನಂಬರು, ಇವೇ ಆಧಾರ. ದೂರಿನ ನಂಬರು ಬರೆದಿಡಿ ಎಂದು ಆಗ ಹೇಳಿದ್ದು ಇದಕ್ಕೂ ಸೇರಿಸಿಯೇ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಮ್ಯಾಜಿಸ್ಟ್ರೇಟರ ಅಧಿಕಾರವುಳ್ಳ ಅಧಿಕಾರಿಯಿಂದ, ಸಾಮಾನ್ಯವಾಗಿ ತಹಶೀಲ್ದಾರರಿಂದ, ಶವ ತನಿಖೆ ನಡೆಯುತ್ತದೆ. ಅವರು ಬಂದಾಗ ಬಾಗಿಲು ಹಾಕಿಕೊಂಡು ಒಳಗೆ ಕೂಡಬೇಡಿ. ಕಂಡದ್ದನ್ನು ಹೇಳಿ. ಅವರು ಬರುವ ಮೊದಲು ಆ ಜಾಗ ಸಾರಿಸಲು, ಸುಟ್ಟ ಬಟ್ಟೆ ಎಸೆಯಲು ಯಾರಿಗೂ ಬಿಡಬೇಡಿ. ಅವಳಿಗೆ ಇನ್ನೂ ಜೀವವಿದ್ದರೆ ಆಸ್ಪತ್ರೆಯಲ್ಲಿ ಅತ್ತೆ, ಗಂಡ ಪಕ್ಕದಲ್ಲಿ ನಿಂತಿರುವಾಗ ಹೇಳಿಕೆ ಬರೆಸಿಕೊಳ್ಳಬೇಡಿ ಎಂದು ಡಾಕ್ಟರಿಗೆ, ಪೊಲೀಸರಿಗೆ ಹೇಳಿ. ಸಾಯುವ ಮುಂಚಿನ ಹೇಳಿಕೆಗೆ ಕೋರ್ಟಿನಲ್ಲಿ ಬೆಲೆಯಿದೆ. 2024ರ ಜುಲೈ 1ರಿಂದ ಕಾನೂನಿನ ಪುಸ್ತಕ ಬದಲಾಗಿ, ವರದಕ್ಷಿಣೆ ಸಾವು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು ಆಗಿದೆ. ನಾವು 498 ಎ ಎನ್ನುತ್ತಿದ್ದ ಕ್ರೌರ್ಯದ ಅಪರಾಧ 85ನೇ ಕಲಮು. ನಂಬರು ಬದಲಾದವು, ಅಪರಾಧ ಅದೇ.

ನೆರೆಗೂ ವರದಕ್ಷಿಣೆಗೂ ಇರುವ ನಂಟನ್ನು ಹೇಳಿ ಮುಗಿಸುತ್ತೇನೆ. 2020ರಲ್ಲಿ ನೀರು ನಿಂತು ತೊಗರಿ ಕೊಳೆಯಿತು, ಹತ್ತಿ ಹೋಯಿತು. ಆಮೇಲಿನ ಚಳಿಗಾಲದಲ್ಲಿ ನಮ್ಮ ಹತ್ತಿರ ಬಂದ ಹೆಣ್ಣುಮಕ್ಕಳು ಹೇಳಿದ್ದು ಒಂದೇ ಮಾತು: "ಬೆಳಿ ಹೋಗ್ಯಾದ, ನಿಮ್ಮಪ್ಪನ ಕಡಿಂದ ತಗೊಂಬಾ ಅಂತಾರ್ರಿ." ಇವಳ ಅಪ್ಪನ ಹೊಲಕ್ಕೂ ಅದೇ ಭೀಮೆ ನುಗ್ಗಿದೆ, ಅದನ್ನು ಯಾರೂ ಕೇಳುವುದಿಲ್ಲ. ಕಷ್ಟಕ್ಕೆ ಕೇಳಿದರು, ಇದು ವರದಕ್ಷಿಣೆಯಲ್ಲ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ತಂದರೆ ಊಟ, ತರದಿದ್ದರೆ ಹೊಡೆತ ಎಂದ ಮೇಲೆ ಅದು ಕಷ್ಟಕ್ಕೆ ಕೇಳಿದ ಕೈಗಡವಲ್ಲ. ಮಳೆ ಹೋಗಿ ಎರಡು ಮೂರು ತಿಂಗಳ ತನಕ ಸಂಘದ ಸಭೆಯಲ್ಲಿ ಹೊಸ ಸೊಸೆಯಂದಿರಿಗೆ ಕಂತಿನ ಲೆಕ್ಕ ಕೇಳಿದ ಹಾಗೆ ಇದನ್ನೂ ಕೇಳಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ.

ಈಗ ಊಟದ ಹೊತ್ತಾಯಿತು. ಊಟದ ಮೇಲೆ ಮೂರೂ ತಾಲ್ಲೂಕಿನವರು ಬೇರೆ ಬೇರೆ ಕೂತು ಒಂದು ಕೆಲಸ ಮಾಡಬೇಕು. ನಿಮ್ಮ ಓಣಿಯಲ್ಲಿ ಸಾದಾ ಫೋನ್ ಯಾರ ಮನೆಯಲ್ಲಿರಬೇಕು, ಲಾಂದ್ರ ಯಾರ ಹತ್ತಿರ ಇರಬೇಕು, ಕರೆಂಟ್ ಹೋದ ದಿನ, ಬಂದ ದಿನ, ಹೊತ್ತನ್ನು ಸಂಘದ ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಯಾರು ಬರೆಯಬೇಕು ಎಂದು ಹೆಸರು ಹಾಕಿ. ಬರೆಯಲು ಬರದವರು ಗಿರಣಿಯ ಸಪ್ಪಳ ನಿಂತ ಹೊತ್ತನ್ನು ಹೇಳಲಿ, ಬರುವವರು ಬರೆದುಕೊಳ್ಳಲಿ.